ಕೀರವಾಣಿ ಗೊತ್ತಿದ್ದ ಜರ್ಮನ್

"ಇವನ ಹೆಸರೇ ಕೇಳಿಲ್ವಲ್ಲಮ್ಮಾ. ನಿನ್ನ ಮಗಳಿಗೆ ಎರಡು ನಿಮಿಷ ಕೊಡ್ತೀನಿ, ಸಾಕು," ಅಂದರು ಮೂರ್ತಿ ಅಂಕಲ್.

ಈ ಪರದೇಶದಲ್ಲಿ ನಮ್ಮ ಕನ್ನಡ ಕೂಟದ ದೀಪಾವಳಿ ಪ್ರೋಗ್ರಾಮ್ ಪಟ್ಟಿ ಇರುವುದು ಅವರ ಕೈಯಲ್ಲಿ. ಮಗಳು ಅನಘಾ ಪಿಯಾನೋದಲ್ಲಿ ನುಡಿಸಬೇಕೆಂದುಕೊಂಡಿದ್ದು ಏಳು ನಿಮಿಷದ ರಚನೆ.

ಅದು ಹತ್ತೊಂಬತ್ತನೇ ಶತಮಾನದ ಒಬ್ಬ ಜರ್ಮನ್ ಸಂಗೀತಗಾರನದು. ಹೆಸರು ಹೇಳಿದರೆ ನಿಮಗೂ ಗೊತ್ತಾಗುವುದಿಲ್ಲ, ಬಿಡಿ. ಬದುಕಿದ್ದಾಗ ಒಳ್ಳೆಯ ಹೆಸರಿತ್ತಂತೆ. ಸತ್ತ ಮೇಲೆ ಜೊತೆಯವರೆಲ್ಲ ಅಮರರಾದರು, ಇವನು ಲೈಬ್ರರಿಯ ಕೆಳಗಿನ ಶೆಲ್ಫ್ ಸೇರಿದ.

ಆರು ತಿಂಗಳಿಂದ ಅದನ್ನೇ ನುಡಿಸುತ್ತಿದ್ದ ಮಗಳು "ಇಟ್ಸ್ ಫೈನ್" ಅಂದು ಪಿಯಾನೋ ಮುಚ್ಚಿದಳು. ಎರಡು ದಿನ ತೆರೆಯಲೇ ಇಲ್ಲ.

ಅಂಕಲ್ ಮೈಸೂರಿನವರು. ಇಲ್ಲಿನ ಲೆಮಾಂಟ್ ದೇವಸ್ಥಾನದ ಪ್ರಸಾದದ ಕ್ಯೂನಲ್ಲಿ ಯಾರದೋ ರಿಂಗ್‌ಟೋನ್ ಕೇಳಿದರೂ ರಾಗ ಹೇಳದೆ ಬಿಡುವವರಲ್ಲ.

ಹಾಗಾಗಿ ಮಗಳ ರೆಕಾರ್ಡಿಂಗ್ ಅವರಿಗೆ ಕಳಿಸಿದೆ, ಜೊತೆಗೆ ಒಂದೇ ಸಾಲು: "ಇದು ಯಾವ ರಾಗ ಅಂತ ತಿಳೀತಿಲ್ಲ ಅಂಕಲ್."

ಸುಳ್ಳು. ಚೆನ್ನಾಗಿಯೇ ತಿಳಿದಿತ್ತು.

ಹತ್ತು ನಿಮಿಷದಲ್ಲಿ ಫೋನ್. "ಕೀರವಾಣಿ ಕಣಮ್ಮಾ, ಶುದ್ಧ ಕೀರವಾಣಿ. ಇವನೇನು ನಮ್ಮ ಕಡೆ ಬಂದಿದ್ನಾ?"

ಇಲ್ಲ ಅನ್ನಬೇಕಿತ್ತು. "ಯಾರಿಗ್ಗೊತ್ತು ಅಂಕಲ್" ಅಂದುಬಿಟ್ಟೆ...

ಸಂಜೆಯೊಳಗೆ ಏಳು ನಿಮಿಷವೂ ಮಂಜೂರು. ಮಗಳು ಮತ್ತೆ ಪಿಯಾನೋ ಮುಂದೆ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ವಾರದೊಳಗೆ ಕೂಟದ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಜರ್ಮನ್ ಮೈಸೂರಿಗೆ ಬಂದು, ಅರಮನೆ ನೋಡಿ, ವೀಣೆಯನ್ನೂ ಕಲಿತು ವಾಪಸ್ಸಾಗಿದ್ದ.

ಧಾರವಾಡದ ಡಾಕ್ಟರ್ ಪಾಟೀಲರು ಮಾತ್ರ ಒಪ್ಪಲಿಲ್ಲ. "ಮೈಸೂರಿಗ್ಯಾಕ ಹೋಗ್ತಾನ್ರಿ? ಅಂವಾ ಬಂದಿದ್ರ ನಮ್ಮ ಕಡೆನ ಬಂದಿರಬೇಕು," ಎಂದು ವಾಯ್ಸ್ ಮೆಸೇಜ್ ಹಾಕಿದರು.

ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಏಳು ನಿಮಿಷ ಮತ್ತೆ ಎರಡಾಗುತ್ತದೆ.

ಕಾರ್ಯಕ್ರಮದ ದಿನ, ಪ್ಲೇನ್‌ಫೀಲ್ಡಿನ ಹೈಸ್ಕೂಲ್ ಆಡಿಟೋರಿಯಂ. ಅನಘಾ ನುಡಿಸುವ ಮೊದಲು ಮೈಕ್ ಕೈಗೆತ್ತಿಕೊಳ್ಳುತ್ತಾಳೆ.

"ಸಾರಿ ಮೂರ್ತಿ ಅಂಕಲ್. ಹಿ ನೆವರ್ ವೆಂಟ್ ಟು ಇಂಡಿಯಾ. ಇದು ಹಾರ್ಮೋನಿಕ್ ಮೈನರ್ ಸ್ಕೇಲ್, ಕೀರವಾಣಿಯದೇ ಸ್ವರಗಳು, ಅಷ್ಟೇ."

ಕುರ್ಚಿಯಲ್ಲಿ ನಾನು ಎಷ್ಟು ಕೆಳಗೆ ಜಾರಬಹುದೋ ಅಷ್ಟೂ ಜಾರಿದ್ದೇನೆ.

ಅವಳು ನುಡಿಸತೊಡಗುತ್ತಾಳೆ. ಮುಂದಿನ ಸಾಲಿನಲ್ಲಿ ಅಂಕಲ್ ತೊಡೆಯ ಮೇಲೆ ಎಂಟರ ಆದಿತಾಳ ಹಾಕಲು ಹೋಗಿ, ರಚನೆಯ ಮೂರರ ಲೆಕ್ಕದಲ್ಲಿ ಎಡವಿ, ಮತ್ತೆ ಹಿಡಿದು, ಮತ್ತೆ ಎಡವುತ್ತಾರೆ. ಕೊನೆಗೆ ಕೈ ಸುಮ್ಮನಾಗುತ್ತದೆ. ಏಳು ನಿಮಿಷ ಮುಗಿಯುವವರೆಗೂ ಎತ್ತುವುದಿಲ್ಲ.

ಊಟದ ಸಾಲಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದರು. ಬೈಗುಳಕ್ಕೆ ತಯಾರಾಗಿ ನಿಂತೆ.

"ಮೈಸೂರಿಗೆ ಬರದೇನೇ ಹೀಗೆ ಬರೆದ್ನಲ್ಲಮ್ಮಾ..." ಅಂದರು, ಬಿಸಿಬೇಳೆಬಾತ್ ಬಡಿಸಿಕೊಳ್ಳುವುದನ್ನೂ ಮರೆತು. "ಅವನ್ದು ಇನ್ನೂ ಏನೇನಿದೆ? ಕಳ್ಸು."

ಈಗ ನೀವೇ ಹೇಳಿ, ಆ ಬಡಪಾಯಿ ಜರ್ಮನ್‌ಗೆ ಬಂದ ಈ ಹೆಸರಿನಲ್ಲಿ ನನ್ನ ಸುಳ್ಳಿನ ಪಾಲೆಷ್ಟು?