ಅಂಗಿಗೆ ಚುಚ್ಚಿದ ಚೀಟಿ

ಬೇಕಾದಾಗ ಸಿಗದೆ, ಬೇಡವಾದಾಗ ಬರಿಗಾಲಿಗೆ ಚುಚ್ಚಿ ತಮ್ಮ ಅಸ್ತಿತ್ವವನ್ನು ಸಾರುವ ವಸ್ತುಗಳಲ್ಲಿ ಸೇಫ್ಟಿ ಪಿನ್ನಿಗೆ ಅಗ್ರಸ್ಥಾನ ಸಲ್ಲಬೇಕು. ಡಜನ್ನುಗಟ್ಟಲೆ ಕೊಂಡರೂ ವಾರದೊಳಗೆ ಅಂತರ್ಧಾನವಾಗುವ ಈ ಪಿನ್ನುಗಳು ಎಲ್ಲಿಗೆ ಹೋಗುತ್ತವೆಂಬುದು ಋಷಿಮುನಿಗಳಿಗೂ ಹೊಳೆಯದ ರಹಸ್ಯ. ಗಂಡಸರಿಗೆ ಪಿನ್ನಿನ ನೆನಪಾಗುವುದು ಪೈಜಾಮದ ಲಾಡಿ ಒಳಗೆ ಸೇರಿಕೊಂಡಾಗ ಮಾತ್ರ. ಹೆಂಗಸರಾದರೋ ಬಳೆಗೆ, ತಾಳಿಗೆ ನಾಲ್ಕಾರು ಸಿಕ್ಕಿಸಿಕೊಂಡು ಸದಾ ಸನ್ನದ್ಧರಾಗಿರುತ್ತಾರೆ. ನನ್ನ ಮೇಜಿನ ಖಾನೆಯಲ್ಲಿ ಮಾತ್ರ ಒಂದು ಪಿನ್ನು ಎಷ್ಟೋ ವರ್ಷಗಳಿಂದ ಮಾಯವಾಗದೆ ಉಳಿದಿದೆ. ಲಾಡಿ ಎಷ್ಟೇ ಸತಾಯಿಸಲಿ, ನಾನದನ್ನು ಮುಟ್ಟುವುದಿಲ್ಲ. ಏಕೆಂದು ಹೇಳಬೇಕಾದರೆ ನೀವು ನನ್ನೊಡನೆ ತೊಂಬತ್ತರ ದಶಕದ ಕೊನೆಯ ಸಿಂಧನೂರಿಗೆ ಬರಬೇಕು.

ಆಗ ನಾನು ಅಲ್ಲಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಸಂಜೆ ಮನೆಯಲ್ಲಿ ಸುಮ್ಮನೆ ಕೂತರೆ ಹೆಂಡತಿ ಕೆಲಸ ಹಚ್ಚುತ್ತಾಳೆಂಬ ಭಯದಿಂದ ಊರಿನ ಒಂದು ಶಿಶುವಿಹಾರದ ಆಡಳಿತ ಮಂಡಳಿಗೆ ಸದಸ್ಯನಾಗಿ ಸೇರಿಕೊಂಡಿದ್ದೆ. ಕಾಲುವೆಯ ನೀರು ಬಂದಮೇಲೆ ಬೆಳೆದ ಊರಿನೊಡನೆ ಆ ಶಿಶುವಿಹಾರವೂ ಬೆಳೆದು, ಬೆಳಗಿನಿಂದ ಸಂಜೆಯವರೆಗೆ ಮುನ್ನೂರು ಮಕ್ಕಳ ಅಳು, ನಗು, ನಿದ್ರೆಗಳ ಸಾಮ್ರಾಜ್ಯವಾಗಿತ್ತು. ಕಚೇರಿಯ ನೌಕರರ ಮಕ್ಕಳು, ಅಕ್ಕಿ ಗಿರಣಿಯವರ ಮಕ್ಕಳು, ಗೊರೇಬಾಳದಿಂದ ಟೆಂಪೋದಲ್ಲಿ ಬರುವ ಕೂಲಿಯವರ ಮಕ್ಕಳು, ಎಲ್ಲರೂ ಒಂದೇ ಜಮಖಾನೆಯ ಮೇಲೆ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದರು.

ಈ ಸಾಮ್ರಾಜ್ಯದ ಅರ್ಥಮಂತ್ರಿ ಶರಣಮ್ಮ. ಮೂಗು ಒರೆಸುವ ಆಯಾ ಆಗಿ ಬಂದವರು, ಮಕ್ಕಳ ಮೂಗಿನಷ್ಟೇ ಚೆನ್ನಾಗಿ ಅವರ ತಂದೆತಾಯಿಯರ ಕಷ್ಟಸುಖವನ್ನೂ ಬಲ್ಲವರಾದ್ದರಿಂದ ಶುಲ್ಕ ವಸೂಲಿಯ ಹೊಣೆ ತಾನಾಗಿಯೇ ಅವರ ಕೈಗೆ ಬಂದಿತ್ತು. ನೌಕರದಾರರು ತಿಂಗಳ ಮೊದಲ ವಾರ ಕೊಡುತ್ತಿದ್ದರು. ರೈತರು ಭತ್ತ, ಅಂದರೆ ಅಲ್ಲಿಯವರ ಬಾಯಲ್ಲಿ ನೆಲ್ಲು, ಮಾರಿದ ಮೇಲೆ ಆರು ತಿಂಗಳದ್ದನ್ನು ಒಮ್ಮೆಗೇ ಕೊಡುತ್ತಿದ್ದರು. ಕೂಲಿಯ ಹೆಣ್ಣುಮಕ್ಕಳು ಸಂತೆಯ ದಿನ ಪಗಾರ ಸಿಕ್ಕಾಗ ಸೆರಗಿನ ಗಂಟು ಬಿಚ್ಚಿ ಐದೋ ಹತ್ತೋ ಇಟ್ಟು ಹೋಗುತ್ತಿದ್ದರು. ಶರಣಮ್ಮ ಅದನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಹಾಕಿ, ತಮಗೆ ಮಾತ್ರ ಅರ್ಥವಾಗುವ ಗೀಟುಗಳನ್ನು ನೋಟುಬುಕ್ಕಿನಲ್ಲಿ ಎಳೆಯುತ್ತಿದ್ದರು. ಅವರ ಬಳೆಗಳಿಗೆ ಪಿನ್ನುಗಳ ಒಂದು ಗೊಂಚಲೇ ನೇತಾಡುತ್ತಿತ್ತು. ‘ನಾಳೆ ರಜೆ’, ‘ಮಗುವಿಗೆ ಜ್ವರ’ ಎಂಬ ಚೀಟಿಗಳನ್ನು ಮಕ್ಕಳ ಅಂಗಿಗೆ ಚುಚ್ಚಿ ಮನೆಗೆ ಕಳಿಸುವುದು ಅಲ್ಲಿಯ ಅಂಚೆ ವ್ಯವಸ್ಥೆ.

ಹೀಗಿರಲಾಗಿ ನಮ್ಮ ಅಧ್ಯಕ್ಷರು ಯಾವುದೋ ಕಚೇರಿಯಲ್ಲಿ ಕಂಪ್ಯೂಟರನ್ನು ಕಂಡು ಬಂದರು. ಗೀಟಿನ ಲೆಕ್ಕ ಸಾಕು, ಶುಲ್ಕಕ್ಕೆ ನಂಬಿಗಸ್ತ ಸಾಫ್ಟ್‌ವೇರ್ ಬೇಕು ಎಂದು ನಿರ್ಣಯವಾಯಿತು. ಅದನ್ನು ಆರಿಸುವ ಭಾರ ನನ್ನ ಮೇಲೆ ಬಿತ್ತು. ಇಡೀ ಮಂಡಳಿಯಲ್ಲಿ ಡಿಜಿಟಲ್ ಕೈಗಡಿಯಾರಕ್ಕೆ ತಾನೇ ಟೈಮು ಹೊಂದಿಸಬಲ್ಲವನು ನಾನೊಬ್ಬನೇ ಎಂಬುದು ನನ್ನ ಅರ್ಹತೆ. ಅಳಿದೂರಿಗೆ ಉಳಿದವನೇ ಗೌಡನೆಂಬಂತೆ ನಾನು ಒಂದೇ ಸಂಜೆಯಲ್ಲಿ ತಂತ್ರಜ್ಞನಾದೆ.

ಇಬ್ಬರು ಬಂದರು. ಮೊದಲನೆಯವರು ಲಿಂಗಸುಗೂರಿನಲ್ಲಿ ಕಂಪ್ಯೂಟರ್ ತರಗತಿ ನಡೆಸುವ, ಆ ಬಿಸಿಲಿನಲ್ಲೂ ಟೈ ಕಟ್ಟಿದ್ದ ಮಹನೀಯರು. ಅವರ ಸಾಫ್ಟ್‌ವೇರು ಪೂರ್ತಿ ಹಣವಿಲ್ಲದೆ ರಸೀದಿ ಕೊಡುತ್ತಿರಲಿಲ್ಲ, ತಿಂಗಳ ಹತ್ತನೆಯ ತಾರೀಖು ದಾಟಿತೆಂದರೆ ಬಾಕಿದಾರರ ಪಟ್ಟಿಯನ್ನೂ ತಲೆಗೊಂದರಂತೆ ನೋಟೀಸನ್ನೂ ತಾನಾಗಿಯೇ ಅಚ್ಚುಹಾಕುತ್ತಿತ್ತು, ಅದೂ ಕನ್ನಡದಲ್ಲಿ. ಎರಡನೆಯವರು ಮಸ್ಕಿಯ ನಿವೃತ್ತ ಗಣಿತದ ಮೇಷ್ಟ್ರು. ತಾವೇ ಕಲಿತು ತಾವೇ ಬರೆದ ಅವರ ಸಾಫ್ಟ್‌ವೇರು ಪ್ರತಿ ಅಂಕಿಗೂ ‘ಸರಿಯೇ?’ ಎಂದು ಕೇಳುತ್ತ ಕೂರುತ್ತಿತ್ತು. ಪ್ರತಿ ಮಗುವಿನ ಹೆಸರಿನ ಮುಂದೆ ‘ಷರಾ’ ಎಂಬ ಉದ್ದನೆಯ ಖಾಲಿ ಜಾಗವೊಂದಿತ್ತು. ಶುಲ್ಕಕ್ಕೆ ಷರಾ ಏತಕ್ಕೆ ಎಂದು ನಾವೆಲ್ಲ ನಕ್ಕೆವು. ಮೇಷ್ಟ್ರು ನಗದೆ ತಮ್ಮ ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮಸ್ಕಿಯ ಬಸ್ಸು ಹತ್ತಿದರು. ಯಾರ ಮೋರೆಯನ್ನೂ ನೋಡದ ಲಿಂಗಸುಗೂರಿನದೇ ನಂಬಿಗಸ್ತವೆಂದು ನಾನು ಸಹಿ ಹಾಕಿದೆ.

ಕಂಪ್ಯೂಟರಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಕೋಣೆಯ ಹೊರಗೆ ಚಪ್ಪಲಿ ಬಿಡುವ ನಿಯಮ ಮಾಡಿದೆವು. ನೋಟೀಸಿನ ಒಕ್ಕಣೆ ಬರೆಯುವ ಸುಯೋಗ, ಕನ್ನಡದ ಮೇಷ್ಟ್ರೆಂದು, ನನಗೇ ಒದಗಿತು. ‘ಬಾಕಿ ಇರುವ ಶುಲ್ಕವನ್ನು ಏಳು ದಿನಗಳೊಳಗಾಗಿ ಪಾವತಿಸತಕ್ಕದ್ದು, ತಪ್ಪಿದಲ್ಲಿ ಮಗುವಿನ ಹೆಸರನ್ನು ಹಾಜರಿಯಿಂದ ತೆಗೆಯಲಾಗುವುದು’ ಎಂದು ಬರೆದು, ‘ತಕ್ಕದ್ದು’ ಎಂಬ ಶಬ್ದದ ಗಾಂಭೀರ್ಯಕ್ಕೆ ನಾನೇ ತಲೆದೂಗಿದೆ. ಹತ್ತನೆಯ ತಾರೀಖು ದಾಟಿತು. ಪ್ರಿಂಟರು ಕರಕರನೆ ಅರವತ್ತು ಚೀಟಿಗಳನ್ನು ಹೊರಹಾಕಿತು. ಶರಣಮ್ಮ ಅವನ್ನು ಒಂದೊಂದಾಗಿ ತಿರುವಿ ಹಾಕಿದರು.

“ಸರ, ಇವ್ನ ಕೊಡೋದು ಬ್ಯಾಡ್ರಿ. ನಾ ಬಾಯಿಲೇ ಹೇಳ್ತೀನಿ” ಎಂದರು.

ಯಂತ್ರ ಪಕ್ಷಪಾತ ಮಾಡುವುದಿಲ್ಲ, ನಾವೂ ಮಾಡಬಾರದು ಎಂದು ನಾನು ಸಣ್ಣದೊಂದು ಉಪನ್ಯಾಸ ಕೊಟ್ಟೆ. ಅವರು ಬಳೆಯಿಂದ ಪಿನ್ನು ತೆಗೆತೆಗೆದು ಅರವತ್ತು ಪುಟ್ಟ ಎದೆಗಳಿಗೆ ಚೀಟಿ ಚುಚ್ಚಿದರು. ಬಳೆಯ ಪಿನ್ನುಗಳು ಸಾಲದೆ ಒಂದು ಡಬ್ಬಿ ಪಿನ್ನು ಕೊಂಡು ತಂದು, ಮಕ್ಕಳೆದುರು ಒಂದೊಂದಾಗಿ ಎತ್ತಿಕೊಟ್ಟವನೂ ನಾನೇ.

ಮರುದಿನ ಜಮಖಾನೆಯ ಒಂದು ಭಾಗವೇ ಖಾಲಿ ಇತ್ತು. ನಮ್ಮ ಸೀಮೆಯಲ್ಲಿ ಅಚ್ಚಾದ ಕಾಗದವೊಂದು ಮನೆಗೆ ಬಂತೆಂದರೆ ಅದು ಜಪ್ತಿಯ ಕಾಗದವೆಂದೇ ಲೆಕ್ಕ. ಓದು ಬಾರದ ತಾಯಂದಿರು ಅದನ್ನು ಓಣಿಯವರ ಕೈಲಿ ಓದಿಸಿದ್ದರು. ಅದಕ್ಕೂ ಮೊದಲೇ ಟೆಂಪೋದವನು, ಬಸ್‌ಸ್ಟ್ಯಾಂಡಿನ ಚಹಾದಂಗಡಿಯವರು, ಬಂದುಹೋಗುವವರೆಲ್ಲ ಓದಿ ಮುಗಿಸಿದ್ದರು. ತನ್ನೆದೆಯ ಮೇಲೆ ಏನು ಬರೆದಿದೆಯೆಂದು ತಿಳಿಯದ ಮಗು, ಮನೆಯ ಬಾಕಿಯನ್ನು ಊರಿಗೆಲ್ಲ ತೋರಿಸುತ್ತ ಕುಣಿಯುತ್ತ ನಡೆದಿತ್ತು. ಅದನ್ನು ಕೇಳಿ ನನಗೆ ಮೈಯೆಲ್ಲ ನಾಚಿಕೆಯಾಯಿತು. ಚೀಟಿಯಲ್ಲಿ ನಾನು ಮೆಚ್ಚಿಕೊಂಡಿದ್ದ ‘ತಕ್ಕದ್ದು’ ಆಗ ನನ್ನನ್ನೇ ದುರುಗುಟ್ಟಿ ನೋಡುವಂತಿತ್ತು.

ಒಂದೆರಡು ದಿನದಲ್ಲಿ ಶರಣಮ್ಮ ಮನೆಮನೆಗೆ ಹೋಗಿ ಹೆಚ್ಚಿನವರನ್ನು ಸಮಾಧಾನ ಮಾಡಿದರು. ಬಾರದೆ ಉಳಿದವನು ಗೊರೇಬಾಳದ ನಾಲ್ಕು ವರ್ಷದ ಅಮರೇಶ. ಅವನ ತಾಯಿ ಹುಲಿಗೆಮ್ಮ ನೆಲ್ಲು ಹಚ್ಚುವ, ಅಂದರೆ ನಾಟಿ ಮಾಡುವ, ಕೂಲಿಗೆ ಹೋಗುವವಳು. ಕಾಲುವೆಯ ದಂಡೆಯಲ್ಲಿ ಕೆಲಸ, ತುಂಬಿ ಹರಿಯುವ ನೀರು; ಮಗನನ್ನು ಅಲ್ಲಿಂದ ದೂರವಿಡಲೆಂದೇ ಶಿಶುವಿಹಾರಕ್ಕೆ ಹಾಕಿದ್ದಳು. ಏಳು ದಿನ ಮುಗಿಯಲು ಎರಡೇ ದಿನ ಉಳಿದಿತ್ತು, ಆಮೇಲೆ ಯಂತ್ರ ಅವನ ಹೆಸರನ್ನು ತಾನಾಗಿಯೇ ಅಳಿಸಿಬಿಡುತ್ತಿತ್ತು. ಶರಣಮ್ಮ ತಗಡಿನ ಡಬ್ಬಿಯನ್ನು ನನ್ನೆದುರು ತೆರೆದರು. ವಾರವಾರವೂ ತಪ್ಪದೆ ಹುಲಿಗೆಮ್ಮ ಕೊಟ್ಟ ನೋಟುಗಳು ಅಲ್ಲೇ ಇದ್ದವು. ಆ ತಿಂಗಳ ಶುಲ್ಕಕ್ಕೆ ಇನ್ನೊಂದೇ ಸಂತೆಯ ಹಣ ಬಾಕಿ. ಪೂರ್ತಿಯಾಗಿಲ್ಲವೆಂದು ಯಂತ್ರ ಒಂದು ಪೈಸೆಯನ್ನೂ ಮೂಸಿ ನೋಡಿರಲಿಲ್ಲ.

ನಾನೂ ಶರಣಮ್ಮನೂ ಗೊರೇಬಾಳದ ಗದ್ದೆಗೆ ಹೋದೆವು. ಮೊಣಕಾಲುದ್ದದ ಕೆಸರಿನಲ್ಲಿ ಹೆಂಗಸರು ಸಾಲಾಗಿ ಬಗ್ಗಿದ್ದರು. ದಂಡೆಯ ಬೇವಿನ ಗಿಡಕ್ಕೆ ಅಮರೇಶನ ಸೊಂಟವನ್ನು ಹಳೆ ಸೀರೆಯ ಚೂರಿನಿಂದ ಕಟ್ಟಲಾಗಿತ್ತು, ನೀರಿನ ಕಡೆ ಹೋಗಬಾರದೆಂದು. ಹುಲಿಗೆಮ್ಮ ಕೆಸರಿನ ಕೈಯಲ್ಲೇ ಬಂದಳು. ಉಪನ್ಯಾಸಕ್ಕೆಂದು ಸಂಸ್ಕೃತ ಶಬ್ದಗಳನ್ನು ಹೊಂದಿಸಿಕೊಂಡು ಬಂದಿದ್ದ ನಾನು ಶರಣಮ್ಮನ ಹಿಂದೆ ಸರಿದು ನಿಂತೆ.

“ಬೇ ಹುಲಿಗೆಮ್ಮ, ತಪ್ಪು ನಮ್ದೈತಿ. ಹುಡುಗನ್ನ ಕಳ್ಸು” ಎಂದರು ಶರಣಮ್ಮ.

“ನಿನ ಮ್ಯಾಲ ಸಿಟ್ಟಿಲ್ಲ ಬೇ ಯಕ್ಕ. ನಾ ಏನ್ ಕಳ್ಳತನ ಮಾಡೀನೇನು? ಹೊತ್ತಿಗೆ ಸರಿಯಾಗಿ ಕೊಡಾಕತ್ತೀನಿ. ಬಾಕಿ ಐತಿ ಅಂದ್ರ ನನ್ನ ಕೇಳ್ಬೇಕಿತ್ತು. ನನ್ನ ಮಗನ ಎದಿಗ್ಯಾಕ ಚುಚ್ಚಿದ್ರಿ?”

ತಪ್ಪಾಯಿತೆಂದು ನಾನು ಹೇಳಿದೆ. ಆ ಒಂದು ಶಬ್ದ ಹೇಳಲು ಮುಪ್ಪಿನ ಹೊಸ್ತಿಲಿಗೆ ಬರಬೇಕಾಯಿತು ನೋಡಿ. ಅವಳು ಸೆರಗಿನ ಗಂಟು ಬಿಚ್ಚಿದಳು. ಹಣ ಕೊಡುತ್ತಾಳೇನೋ ಎಂದುಕೊಂಡೆ. ಗಂಟಿನಿಂದ ಬಂದದ್ದು ಒಂದು ಸೇಫ್ಟಿ ಪಿನ್ನು.

“ನಿಮ್ಮ ಪಿನ್ನ ತಗೋರಿ ಸರ. ಇದನ್ನೂ ಲೆಕ್ಕಕ್ಕ ಹಿಡಿದೀರಿ ಮತ್ತ.”

ನಾನು ಕೈಯೊಡ್ಡಿ ತೆಗೆದುಕೊಂಡೆ. ಅದಕ್ಕೆ ಒಣಗಿದ ಕೆಸರು ಅಂಟಿತ್ತು.

ಮಂಡಳಿಯ ಸಭೆಯಲ್ಲಿ ನಾನೇ ನನ್ನ ಆಯ್ಕೆಯನ್ನು ರದ್ದುಮಾಡಿಸಿದೆ. ಯಂತ್ರ ಹೆಸರು ಅಳಿಸಬೇಕಿದ್ದ ದಿನದ ಹಿಂದಿನ ಸಂಜೆಯೇ ಅದರ ಪ್ಲಗ್ಗು ಕಿತ್ತಿಟ್ಟವರು ಶರಣಮ್ಮ. ಅಷ್ಟು ಸುಲಭದ ತಂತ್ರಜ್ಞಾನ ತಂತ್ರಜ್ಞನಾದ ನನಗೆ ಹೊಳೆದಿರಲಿಲ್ಲ. ಮಸ್ಕಿಗೆ ಹೋಗಿ ಮೇಷ್ಟ್ರನ್ನು ಕರೆತಂದೆ. ಈ ಸಲ ಪರೀಕ್ಷೆ ಮಾಡಿದವರು ಶರಣಮ್ಮ, ಕೇಳಿದ್ದು ಒಂದೇ ಪ್ರಶ್ನೆ.

“ಯಾರನ್ನ ಯಾವಾಗ ಕೇಳಬಾರದು ಅಂತ ಇದಕ್ಕ ಗೊತ್ತಾಕ್ಕತೇನ್ರಿ?”

“ಇದಕ್ಕ ಗೊತ್ತಾಗಂಗಿಲ್ಲವ್ವ, ನಿಮಗ ಗೊತ್ತೈತಲ್ಲ. ಅದನ್ನ ಬರೀಲಿ ಅಂತನ ಷರಾ ಇಟ್ಟೀನಿ. ನೀವು ಹೂಂ ಅನ್ನೋತನಕ ಇದು ಬಾಯಿ ಬಿಡಂಗಿಲ್ಲ” ಎಂದರು ಮೇಷ್ಟ್ರು.

ಹೀಗೆ ನಾವು ನಕ್ಕಿದ್ದ ಆ ಖಾಲಿ ಜಾಗದಲ್ಲಿ ‘ನೆಲ್ಲು ಮಾರಿದ ಮ್ಯಾಲೆ’, ‘ಸಂತಿ ದಿನ’, ‘ಮನ್ಯಾಗ ಸಾವಾಗೈತಿ, ಎರಡು ತಿಂಗಳು ಕೇಳಬಾರದು’ ಎಂಬ ಮಾತುಗಳು ಶರಣಮ್ಮನ ಬಾಯಿಂದ ಬಂದು ನನ್ನ ಒಂದೇ ಬೆರಳಿನ ಟೈಪಿನಲ್ಲಿ ತುಂಬಿದವು. ನಂಬಿಗಸ್ತ ಎಂದರೆ ತಪ್ಪು ಮಾಡದ್ದು ಎಂದು ನಾನು ತಿಳಿದಿದ್ದೆ. ನಮ್ಮನ್ನೂ ಅದು ನಂಬಬೇಕು ಎಂಬುದು ಹೊಳೆದಿರಲಿಲ್ಲ.

ಮುಂದಿನ ಸಂತೆಯ ದಿನ ಅಮರೇಶ ಟೆಂಪೋದಿಂದ ಇಳಿದ. ಹುಲಿಗೆಮ್ಮ ತಿಂಗಳ ಕಡೆಯ ಕಂತು ಕೊಟ್ಟು, ರಸೀದಿಯನ್ನು ಎರಡು ಸಲ ತಿರುವಿ ನೋಡಿ, ಕುಪ್ಪಸದಲ್ಲಿ ಇಟ್ಟುಕೊಂಡಳು. ನನ್ನ ಜೀವ ತಣ್ಣಗಾಯಿತು. ಆದರೆ ಆ ಹುಡುಗ ನನ್ನನ್ನು ಕಂಡೊಡನೆ ಆಟ ನಿಲ್ಲಿಸಿ, ಎರಡೂ ಅಂಗೈಗಳಿಂದ ಎದೆ ಮುಚ್ಚಿಕೊಂಡ. ಆ ವರ್ಷವೆಲ್ಲ ನಾನು ಹೋದಾಗಲೆಲ್ಲ ಹಾಗೇ ಮಾಡಿದ. ನಾನು ಪೆಪ್ಪರಮೆಂಟು ಒಡ್ಡಿದರೆ ಒಂದು ಕೈ ಚಾಚುತ್ತಿದ್ದ, ಇನ್ನೊಂದನ್ನು ತೆಗೆಯುತ್ತಿರಲಿಲ್ಲ.

ಮೊನ್ನೆ ಮತ್ತೆ ಪೈಜಾಮದ ಲಾಡಿ ಒಳಗೆ ಸೇರಿತು. ಒಂದು ಕೈಯಲ್ಲಿ ಮಾನ ಹಿಡಿದುಕೊಂಡು ಮನೆಯೆಲ್ಲ ಪಿನ್ನು ಹುಡುಕುತ್ತಿದ್ದೆ. ಹೆಂಡತಿ ಮೇಜಿನ ಖಾನೆ ಎಳೆದು, “ಇಲ್ಲೇ ಒಂದು ಐತಲ್ರಿ!” ಎಂದಳು.

“ಅದು ಬ್ಯಾಡ, ಅದು ಲೆಕ್ಕದಾಗೈತಿ” ಎಂದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ, ತನ್ನ ಬಳೆಯಿಂದ ಒಂದು ತೆಗೆದುಕೊಟ್ಟಳು.