ಸಾಣೆ ಕಲ್ಲು, ಮುದ್ದೆ ಕೋಲು

ಕಳೆದ ಭಾನುವಾರ ನನ್ನ ಮುಖ ಉಳಿದದ್ದು ಒಂದು ಮುದ್ದೆ ಕೋಲಿನಿಂದ. ತಮಾಷೆಯಲ್ಲ, ಕೇಳಿ.

ಲಗ್ಗೆರೆಯ ಗುಜರಿ ಅಂಗಡಿಯಲ್ಲಿ ಹಳೆಯ ಬೆಂಚ್ ಗ್ರೈಂಡರ್ ಒಂದು ಸಿಕ್ಕಿತ್ತು. (ದೋಸೆ ಹಿಟ್ಟಿನದಲ್ಲ. ಎರಡು ಪಕ್ಕದಲ್ಲೂ ಸಾಣೆ ಕಲ್ಲು ತಿರುಗುವ, ಉಳಿ, ಕತ್ತಿ ಮಸೆಯುವ ಮೆಷೀನು.) ವಯಸ್ಸಿನಲ್ಲಿ ನನಗಿಂತ ಹಿರಿಯ. ಕಂಡ ಕೂಡಲೇ ಮನಸೋತೆ.

ವಿಜಯನಗರದ ನಮ್ಮ ಮನೆಯ ಮೆಟ್ಟಿಲ ಕೆಳಗಿನ ಜಾಗವೇ ನನ್ನ ವರ್ಕ್‌ಶಾಪ್. ಮೂರು ವಾರ ತುಕ್ಕು ಉಜ್ಜಿದೆ, ಬೇರಿಂಗ್ ಬದಲಿಸಿದೆ, ಹಸಿರು ಬಣ್ಣ ಬಳಿದೆ. ಕಲ್ಲುಗಳು ಮಾತ್ರ ಹಳೆಯವೇ ಇರಲಿ ಎಂದುಕೊಂಡೆ. ವಿಂಟೇಜ್ ಅಂದಮೇಲೆ ಒರಿಜಿನಲ್ ಇರಬೇಡವೇ?

ಭಾನುವಾರ ಕಲ್ಲುಗಳನ್ನು ಇನ್ನೇನು ಜೋಡಿಸಬೇಕು, ಊಟಕ್ಕೆ ಕರೆಯಲು ಹೆಂಡತಿ ಬಂದಳು. ಕೈಯಲ್ಲಿ ಮುದ್ದೆ ಕೋಲು. ಒಂದು ಕಲ್ಲಿನ ತೂತಿಗೆ ಬೆರಳು ತೂರಿಸಿ ಎತ್ತಿ, ಕೋಲಿನಿಂದ ತಟ್ಟಿದಳು. ಟಣ್ ಎಂದಿತು. ಇನ್ನೊಂದನ್ನು ತಟ್ಟಿದಳು. ದಬ್!

"ಇದು ಸೀಳು ಬಿಟ್ಟಿದೆ ಕಣ್ರೀ."

"ಮಾರ್ಕೆಟ್ಟಲ್ಲಿ ಮಡಿಕೆ ತಗೋತಿದೀಯಾ?"

"ಮಡಿಕೆ ಆದ್ರೇನು, ಕಲ್ಲಾದ್ರೇನು? ಒಡೆದಿರೋದು ಹಿಂಗೇ ಸದ್ದು ಮಾಡೋದು."

ನನಗೆ ಹಠ. ಪಕ್ಕದ ಮನೆಯ ನಂಜುಂಡಪ್ಪನವರನ್ನು ಕರೆದೆ. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಟರ್ನರ್ ಆಗಿದ್ದು ರಿಟೈರ್ ಆದವರು, ನನ್ನ ಪರವಾಗಿ ಮಾತಾಡುತ್ತಾರೆಂಬ ನಂಬಿಕೆ. ಅವರೂ ತಟ್ಟಿದರು. ಬೆಳಕಿಗೆ ಹಿಡಿದು ತೋರಿಸಿದರು. ಕೂದಲೆಳೆಯಷ್ಟು ಬಿರುಕು.

"ಸಾರ್, ಇದನ್ನ ಹಾಕಿ ಸ್ವಿಚ್ ಒತ್ತಿದ್ರೆ ಸಿಡಿದು ನಿಮ್ಮ ಮುಖಕ್ಕೇ ಬರ್ತಿತ್ತು. ನಾವು ತಟ್ಟಿ ನೋಡ್ದೆ ಕಲ್ಲು ಕೂರಿಸ್ತಾನೇ ಇರ್ಲಿಲ್ಲ."

ಎಷ್ಟೊಂದು ವಿಡಿಯೊ ನೋಡಿದ್ದೆ! ಬಣ್ಣದ ಶೇಡ್ ಆರಿಸಲಿಕ್ಕೇ ಎರಡು ದಿನ. ತೆಂಗಿನಕಾಯಿ, ಮಡಿಕೆ, ನನ್ನ ಸುಳ್ಳು ಎಲ್ಲವನ್ನೂ ಇಪ್ಪತ್ತೆರಡು ವರ್ಷದಿಂದ ತಟ್ಟಿ ನೋಡುತ್ತಿರುವವಳನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ. ನಾವು ಗಂಡಸರು ಯಾಕೆ ಹೀಗೆ? ಅವಳ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ಹೇಳಲು ಬಾರದೆ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡೆ.

ಮಾರನೆಯ ದಿನ ಹೊಸ ಕಲ್ಲು ತರಲು ಒಟ್ಟಿಗೇ ಹೋದೆವು. (ಈ ಸಲ ನಾನೇ ಕರೆದೆ.) ಅವಳು ಕೌಂಟರಿನ ಮೇಲಿದ್ದ ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೊಂದೇ ಕಲ್ಲನ್ನು ತಟ್ಟಿದಳು. ಎರಡನ್ನು ಪಕ್ಕಕ್ಕೆ ಸರಿಸಿ, ಮೂರನೆಯದನ್ನು ನನ್ನ ಕೈಗಿಟ್ಟಳು. ಅಂಗಡಿಯವರು ನನ್ನತ್ತ ಬಗ್ಗಿ ಮೆಲ್ಲಗೆ ಕೇಳಿದರು:

"ಮೇಡಂ ಯಾವ ಫ್ಯಾಕ್ಟರೀಲಿದ್ರು ಸಾರ್?"