ಮಾನ್ಯತಾ ಪತ್ರ ಕೇಳಿದ ದಿನ

ನಾನು ಹನ್ನೆರಡನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅವ್ವನನ್ನು ಗೋವಾದ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಯಿತು. ಹಿಂದೊಮ್ಮೆ ಅದೇ ಆಸ್ಪತ್ರೆಯಲ್ಲಿ ಯಾವುದೋ ಇಂಜೆಕ್ಷನ್ ಕೊಟ್ಟಾಗ ಅವಳಿಗೆ ಉಸಿರು ಕಟ್ಟಿತ್ತು. ಅದು ಯಾವುದೆಂದು ವೈದ್ಯರು ಕೇಳಿದರೆ ನಮಗೆ ಹೇಳಲು ಬರಲಿಲ್ಲ. ಹಳೆಯ ಫೈಲಿನಲ್ಲಿ ಬರೆದಿತ್ತು, ಆದರೆ ಫೈಲು ಸಿಗುತ್ತಿರಲಿಲ್ಲ. ವಿಜಯಪುರ ಕಡೆಯ ಅವ್ವನ ಹೆಸರನ್ನು ಆಗ ಯಾರೋ ತಮಗೆ ಕೇಳಿಸಿದಂತೆ ಬರೆದುಕೊಂಡಿದ್ದರು. ಕೊನೆಗೆ ರೆಕಾರ್ಡ್ ರೂಮಿನ ಮೇಡಂ ಒಬ್ಬರು ವಯಸ್ಸು, ವಿಳಾಸ ಹಿಡಿದು ಹುಡುಕಿ, ಫೈಲನ್ನು ಎದೆಗೆ ಒತ್ತಿಕೊಂಡು ವಾರ್ಡಿಗೆ ಓಡಿ ಬಂದರು. ವೈದ್ಯರು ಅದನ್ನು ಓದಿ, ಆಗಲೇ ಬರೆದಿದ್ದ ಔಷಧದ ಮೇಲೆ ಗೆರೆ ಎಳೆದು ಬೇರೆಯದನ್ನು ಬರೆದರು.

ಅವ್ವ ಮನೆಗೆ ಬಂದ ಮೇಲೆ ನಾನು ಆ ಮೇಡಂ ಅವರನ್ನು ಹುಡುಕಿಕೊಂಡು ಹೋದೆ. ಅವರು ಧಾರವಾಡ ಕಡೆಯವರು.

"ನಿಮ್ಮಂಗ ಕೆಲಸ ಮಾಡಬೇಕಂದ್ರ ಏನು ಓದಬೇಕ್ರಿ?"

ಅವರು ನನ್ನನ್ನು ಕೂರಿಸಿಕೊಂಡು ಹೇಳಿದರು, "ಈಗ ಇದಕ್ಕ ಡಿಗ್ರೀನ ಐತವ್ವಾ. ರೋಗಿಗಳ ದಾಖಲೆ ಇಡೋದು, ಕಂಪ್ಯೂಟರಿನಾಗ ಏರಿಸೋದು, ಎಲ್ಲಾ ಕಲಸ್ತಾರ. ಆದ್ರ ಕಾಲೇಜಿಂದು ಚಂದನ ಪುಸ್ತಕ ಯಾರ ಬೇಕಾದ್ರೂ ಅಚ್ಚು ಹಾಕಸ್ತಾರ, ಅದನ್ನ ನಂಬಬ್ಯಾಡ. ಮಾನ್ಯತಾ ಪತ್ರ ತೋರಸ್ರಿ ಅಂತ ಕೇಳು. ಸರ್ಟಿಫಿಕೇಟ್ ಯಾವ ವಿಶ್ವವಿದ್ಯಾಲಯ ಕೊಡತೈತಿ ಕೇಳು. ನಾಚ್ಕೋಬ್ಯಾಡ."

ಗೋವಾದ ಝುವಾರಿನಗರದ ನಮ್ಮ ಓಣಿಯಲ್ಲಿ ನನಗೆ ಒಬ್ಬಳೇ ಗೆಳತಿ. ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತವರು. ಅವಳ ಅಪ್ಪ, ನನ್ನ ಅಪ್ಪ ಇಬ್ಬರೂ ಒಂದೇ ಗುತ್ತಿಗೆದಾರನ ಕೈಕೆಳಗೆ ಕಟ್ಟಡದ ಕೆಲಸ ಮಾಡುತ್ತಿದ್ದರು. ನಾನು ಹೇಳಿದ ಓದು ಅವಳಿಗೂ ಹಿಡಿಸಿತು. ಹತ್ತಿರದ ಪೇಟೆಯಲ್ಲೇ ಒಂದು ವರ್ಷದಲ್ಲಿ ಇದನ್ನು ಕಲಿಸುವ ಸಂಸ್ಥೆಯೊಂದನ್ನು ಅವಳೇ ಹುಡುಕಿದಳು.

"ದಿನಾ ಜೋಡೀಲೆ ಹೋಗಿ ಜೋಡೀಲೆ ಬರೂಣು," ಎಂದಳು.

ಇಬ್ಬರೂ ಹೋದೆವು. ಎ.ಸಿ. ಹಾಕಿದ ಕೋಣೆ, ಗಾಜಿನ ಬಾಗಿಲು, ಸೇರಲು ಬಂದು ಕೂತಿದ್ದ ಹತ್ತಾರು ಹುಡುಗಿಯರು. ಮೇಜಿನ ಹಿಂದಿದ್ದವನು ನಗುನಗುತ್ತಾ ಅರ್ಜಿ ಕೊಟ್ಟ. ಗೆಳತಿ ತುಂಬತೊಡಗಿದಳು. ನಾನು ಹಿಂದಿಯಲ್ಲಿ ಮಾನ್ಯತಾ ಪತ್ರ ತೋರಿಸಿ ಎಂದೆ. ಅವನು ಗೋಡೆಯ ಮೇಲಿನ ಚೌಕಟ್ಟನ್ನು ತೋರಿಸಿದ. ಎದ್ದು ಹತ್ತಿರ ಹೋಗಿ ಓದಿದೆ. ಅದು ಅಂಗಡಿ ತೆರೆಯಲು ಕೊಡುವಂಥ ನೋಂದಣಿ ಪತ್ರ. ಕೋರ್ಸಿನದು ಎಲ್ಲಿದೆ ಎಂದು ಮತ್ತೆ ಕೇಳಿದೆ. ಮಾನ್ಯತೆಗೆ ಅರ್ಜಿ ಹೋಗಿದೆ, ಪತ್ರ ಬರುತ್ತದೆ, ನಿನ್ನ ಅಪ್ಪನನ್ನು ಕರೆದುಕೊಂಡು ಬಾ ಎಂದ. ಅವನ ನಗು ಹೋಗಿತ್ತು. ಗೆಳತಿ ತಲೆ ಎತ್ತದೆ ಅರ್ಜಿಗೆ ಸಹಿ ಹಾಕಿದಳು.

ಮರಳಿ ಬರುವಾಗ ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಇಳಿದ ಮೇಲೆ ಅಂದಳು, "ಅಷ್ಟು ಮಂದಿ ಮುಂದ ನನ್ನ ಮಾನಾ ಕಳದಿ. ನೀ ಒಬ್ಬಾಕೀನ ಶ್ಯಾಣ್ಯಾಕಿ ಏನು?"

ಆಮೇಲೆ ನಾನು ಮೊಬೈಲಿನಲ್ಲಿ ಕಾಲೇಜುಗಳನ್ನು ಹುಡುಕಿದೆ, ವಿಶ್ವವಿದ್ಯಾಲಯಗಳ ಕಚೇರಿಗಳಿಗೆ ಫೋನ್ ಮಾಡಿದೆ. ಕರ್ನಾಟಕ ಕರಾವಳಿಯ ದೂರದ ಊರೊಂದರ ಕಾಲೇಜಿಗೆ ಮಾನ್ಯತೆ ಇದೆ ಎಂದು ಗುಮಾಸ್ತರೊಬ್ಬರು ಆದೇಶದ ಪ್ರತಿಯನ್ನೇ ಕಳಿಸಿದರು. ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಗಟ್ಟಿಯಾಗಿ ಓದಿ ಹೇಳಿದೆ.

ಅಪ್ಪ ಎಲ್ಲಾ ಕೇಳಿ, "ನನಗೇನ್ ತಿಳೀತೈತಿ ಯವ್ವಾ. ನಿನಗ ಖರೇ ಅನಿಸಿದ್ದ ಮಾಡು," ಎಂದ. ಅವನು ಬೇಡವೆಂದಿದ್ದರೆ ಜಗಳವಾಡಬಹುದಿತ್ತು. ತಪ್ಪಾದರೆ ಅದೂ ನನ್ನೊಬ್ಬಳದೇ ಎಂದು ಆಗ ಹೆದರಿಕೆಯಾಯಿತು.

ನಾನು ಆ ಕಾಲೇಜಿಗೆ ಹೊರಟ ದಿನ ಮಡಗಾಂವ್ ನಿಲ್ದಾಣಕ್ಕೆ ಅಪ್ಪ, ಅವ್ವ ಬಂದಿದ್ದರು. ಗೆಳತಿ ಬರಲಿಲ್ಲ. ರೈಲು ಹೊರಡುವವರೆಗೂ ಮೆಟ್ಟಿಲ ಕಡೆ ನೋಡುತ್ತಿದ್ದೆ.

ಗೋವಾದವರಿಗೆ ನಾವು ಘಟ್ಟದ ಮೇಲಿನಿಂದ ಬಂದ ಹೊರಗಿನವರು. ಹಾಸ್ಟೆಲಿನಲ್ಲಿ ನಾನು ಗೋವಾದವಳಾದೆ. ನನ್ನ ಕನ್ನಡ ಕೇಳಿ ಹುಡುಗಿಯರು ನಗುತ್ತಿದ್ದರು, ಕೆಟ್ಟ ಮನಸ್ಸಿನಿಂದಲ್ಲ. ತಮ್ಮೊಳಗೆ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮೊದಲ ವರ್ಷ ನಾನು ಮಾತನ್ನೇ ಕಡಿಮೆ ಮಾಡಿದೆ. ಭಾನುವಾರ ಎಲ್ಲರೂ ಮನೆಗೆ ಹೋದರೆ ಉಳಿದ ಅನ್ನವನ್ನು ಅಡುಗೆಯವರು ನನಗೊಬ್ಬಳಿಗೇ ಬಡಿಸುತ್ತಿದ್ದರು. ದಾಖಲೆಯಲ್ಲಿ ರೋಗಗಳಿಗೆ ಕೊಡುವ ಸಂಕೇತ ಸಂಖ್ಯೆಗಳನ್ನು ಬಾಯಿಪಾಠ ಮಾಡುತ್ತಾ ಊಟ ಮಾಡುತ್ತಿದ್ದೆ. ಪಾಠ ಕಷ್ಟವಾಗಲಿಲ್ಲ. ಉಳಿದ ಹೊತ್ತು ಕಷ್ಟವಾಯಿತು.

ಎರಡನೇ ವರ್ಷ ಅವ್ವ ಫೋನಿನಲ್ಲಿ ಗೆಳತಿಯ ಸುದ್ದಿ ಹೇಳಿದಳು. ಸಂಸ್ಥೆ ಬೀಗ ಹಾಕಿಕೊಂಡಿತ್ತು. ಅದು ಕೊಟ್ಟ ಕಾಗದವನ್ನು ಯಾವ ಆಸ್ಪತ್ರೆಯೂ ಒಪ್ಪಲಿಲ್ಲ. ಅವಳು ಕಲಂಗುಟ್‌ನ ಹೋಟೆಲೊಂದರಲ್ಲಿ ಕೋಣೆ ಒಪ್ಪ ಮಾಡುವ ಕೆಲಸಕ್ಕೆ ಸೇರಿದ್ದಳು. ಕೂಡಲೇ ಅವಳಿಗೆ ಫೋನ್ ಮಾಡಿದೆ.

"ನಾ ಮೊದಲ ಹೇಳಿದ್ನಿ ಅನ್ನಾಕ ಫೋನ್ ಮಾಡಿಯೇನು?" ಎಂದಳು.

"ಅಲ್ಲ. ಹೆಂಗದಿ ಅಂತ ಕೇಳಾಕ."

"ಚಲೋ ಅದೇನಿ. ಕೆಲಸ ಐತಿ, ಇಡ್ತೇನಿ," ಎಂದಳು.

ಡಿಗ್ರಿ ಮುಗಿಸಿ ನಾನು ಗೋವಾಕ್ಕೆ ಮರಳಿದೆ. ಈಗ ಪಣಜಿಯಲ್ಲಿ, ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿದ್ದೇನೆ. ಕೆಲಸ ನನಗೆ ಒಗ್ಗಿದೆ. ಗೆಳತಿ ಮದುವೆಯಾಗಿ ಗೋವಾದಲ್ಲೇ ವಾಳಪೈ ಎಂಬ ಊರಿನಲ್ಲಿದ್ದಾಳೆ, ಮಗಳಿದ್ದಾಳೆ. ಮದುವೆಯ ಕರೆ ನಮ್ಮ ಮನೆಗೆ ಬಂದಿತ್ತು, ನನ್ನ ಹೆಸರಿಗೆ ಬಂದಿರಲಿಲ್ಲ.

ಅವತ್ತು ಮಾನ್ಯತಾ ಪತ್ರದ ಮಾತನ್ನು ಎಲ್ಲರೆದುರು ಎತ್ತುವ ಬದಲು, ಬಾಗಿಲ ಹೊರಗೇ ಅವಳ ಕಿವಿಯಲ್ಲಿ ಹೇಳಬಹುದಿತ್ತು. ಹಾಗೆ ಮಾಡಿದ್ದರೆ ಅವಳೂ ನನ್ನ ಜೊತೆ ಕಾಲೇಜಿಗೆ ಬರುತ್ತಿದ್ದಳೋ ಏನೋ. ಹೋದ ತಿಂಗಳು ರಜೆ ಹಾಕಿ, ಮಗುವಿಗೊಂದು ಫ್ರಾಕು ತೆಗೆದುಕೊಂಡು ವಾಳಪೈ ಬಸ್ಸು ಹತ್ತಿ ಕೂತೆ. ನಾ ಮೊದಲ ಹೇಳಿದ್ನಿ ಅನ್ನಾಕ ಬಂದಿಯೇನು ಎಂದು ಅವಳು ಮತ್ತೆ ಕೇಳಿದರೆ ಎನಿಸಿ, ಕಂಡಕ್ಟರ್ ಟಿಕೆಟ್ ಕೇಳಲು ಬರುವ ಮೊದಲೇ ಇಳಿದುಬಿಟ್ಟೆ.